ಯಾರಿಗೆ ಮೊದಲು ರಕ್ಷಣೆ ಎಂಬ ಪಟ್ಟಿಯನ್ನು ಯಾವ ಪುಸ್ತಕ ನೋಡಿ ಬರೆಯಬೇಕು?

ಡೊಂಬಿವಲಿಯ ನಿವೃತ್ತ ನರ್ಸ್ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಆಸ್ಪತ್ರೆಯೊಂದರಲ್ಲಿ 31 ವರ್ಷ ದುಡಿದು, ಕೊರೊನಾದ ಎರಡನೆಯ ಅಲೆ ಇಳಿದ ಮೇಲೆ ನಿವೃತ್ತಳಾದವಳು ನಾನು. ಮುಂದೆ ಇಂಥದೇ ಪಿಡುಗು ಬಂದರೆ ಮಾಸ್ಕು, ಲಸಿಕೆ, ಹಾಸಿಗೆ, ವಿಮೆ ಇವೆಲ್ಲ ಯಾರಿಗೆ ಮೊದಲು ಸಿಗಬೇಕು ಎಂಬುದರ ಬಗ್ಗೆ ಪಾಲಿಕೆಗೆ ಒಂದು ಮನವಿ ಕೊಡಬೇಕೆಂದು ನಮ್ಮ ಕನ್ನಡ ಬಳಗದ ಕೆಲವರು ನಿಶ್ಚಯಿಸಿದ್ದೇವೆ. ಕರಡು ಬರೆಯುವ ಕೆಲಸ ನನಗೆ ಬಂದಿದೆ. ಒಬ್ಬಳೇ ಕುಳಿತು ಬರೆದರೆ ಆಸ್ಪತ್ರೆಯ ಗೋಡೆಯೊಳಗಿನದಷ್ಟೇ ಕಾಣುತ್ತದೆ. ಆದ್ದರಿಂದ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ನಮ್ಮ ದೇಶದಲ್ಲಿ ಲಸಿಕೆ ಆರಂಭವಾದದ್ದು 2021ರ ಜನವರಿ 16ರಂದು. ಮೊದಲ ಸರತಿ ಸುಮಾರು 1 ಕೋಟಿ ಆರೋಗ್ಯ ಕಾರ್ಯಕರ್ತರದು. ಫೆಬ್ರವರಿ 2ರಿಂದ ಪೊಲೀಸರು, ಸೈನಿಕರು, ಗೃಹರಕ್ಷಕರು, ಪಾಲಿಕೆಯ ಕೆಲಸಗಾರರು, ಕಂದಾಯ ಇಲಾಖೆಯವರು ಹೀಗೆ ಸುಮಾರು 2 ಕೋಟಿ ಮುಂಚೂಣಿಯವರದು. ಅವರ ಹಿಂದೆ ವಯಸ್ಸಾದವರು ಮತ್ತು ಬೇರೆ ಕಾಯಿಲೆ ಇದ್ದವರು, ಅಂದಾಜು 27 ಕೋಟಿ ಜನ. ಈ ಕ್ರಮವನ್ನು ನಾನು ತಪ್ಪೆನ್ನುವುದಿಲ್ಲ. ವಾರ್ಡಿನಲ್ಲಿ ನಿಂತು ನೋಡಿದವಳಾಗಿ ಹೇಳುತ್ತೇನೆ, ನರ್ಸುಗಳು ಹಾಸಿಗೆ ಹಿಡಿದರೆ ರೋಗಿಗಳಿಗೆ ಆಮ್ಲಜನಕದ ನಳಿಕೆ ಸರಿಪಡಿಸುವವರೂ ಇರುವುದಿಲ್ಲ. ನನ್ನ ತಕರಾರು ಇರುವುದು ಕ್ರಮದ ಮೇಲಲ್ಲ, ಆ ಕ್ರಮಕ್ಕೆ ಹೆಸರು ತುಂಬಿದ ರೀತಿಯ ಮೇಲೆ.

ನಮ್ಮಲ್ಲಿ ಬಟ್ಟೆ ಒಗೆಯುವ ವಿಭಾಗವನ್ನು ಗುತ್ತಿಗೆಗೆ ಕೊಟ್ಟಿದ್ದರು. ಯಾದಗಿರಿ ಕಡೆಯ ಒಬ್ಬ ಹೆಣ್ಣುಮಗಳು, ಆಗ ಅವಳಿಗೆ 38 ವರ್ಷ, ಕೋವಿಡ್ ವಾರ್ಡಿನ ಚಾದರಗಳನ್ನು ಹಳದಿ ಚೀಲಕ್ಕೆ ತುಂಬಿ ಲಿಫ್ಟಿಗೆ ಎಳೆದುಕೊಂಡು ಹೋಗುತ್ತಿದ್ದಳು. ನಮಗೆ ಎನ್-95 ಮಾಸ್ಕ್ ಬಂದಾಗ ಅವಳಿಗೆ ಮೂರು ಪದರದ ಮಾಸ್ಕ್ ಬಂತು; ಅದನ್ನೂ ಅವಳು ರಾತ್ರಿ ಒಗೆದು, ಬೆಳಿಗ್ಗೆ ಮತ್ತೆ ಕಟ್ಟಿಕೊಂಡು ಬರುತ್ತಿದ್ದಳು. ಲಸಿಕೆಯ ದಿನ ಒಳ್ಳೆಯ ಸೀರೆ ಉಟ್ಟು, ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ಸಾಲಿನಲ್ಲಿ ನಿಂತಳು. ಸಂಸ್ಥೆಯವರು ಮುಂಚಿತವಾಗಿ ಕಳುಹಿಸಿದ ಹೆಸರುಗಳಷ್ಟೇ ಲಸಿಕೆ ನೋಂದಣಿಯ ಕೋವಿನ್ ಜಾಲತಾಣದ ಪರದೆಯ ಮೇಲೆ ಬರುತ್ತಿದ್ದವು, ಆ ಹೆಸರುಗಳನ್ನು ಸಂಬಳದ ರಿಜಿಸ್ಟರಿನಿಂದ ಎತ್ತಿ ಬರೆದಿದ್ದರು. ಅವಳ ಹೆಸರು ಬರಲಿಲ್ಲ. ವಾಪಸು ಹೋಗುವಾಗ ನನ್ನ ಹತ್ತಿರ ಬಂದು, "ಅಕ್ಕಾರ, ನಾ ಇಲ್ಲಿ ಕೆಲಸಾ ಮಾಡಾಂಗಿಲ್ಲೇನ್ರಿ?" ಎಂದು ಕೇಳಿದಳು. ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಕರಡಿನ ತಿರುಳಾಗಿ ನಾನು ಇಡಬೇಕೆಂದಿರುವುದು ಇಷ್ಟೇ: ಊರೆಲ್ಲ ಮನೆಯಲ್ಲಿ ಕುಳಿತಿದ್ದಾಗ ಯಾರಿಗೆ "ನಾಳೆ ನಾನು ಬರುವುದಿಲ್ಲ" ಎನ್ನುವ ಅವಕಾಶವೇ ಇರಲಿಲ್ಲವೋ ಅವರ ಹೆಸರು ಪಟ್ಟಿಯಲ್ಲಿ ಮೊದಲು ಇರಬೇಕು, ಸಂಬಳ ಯಾರು ಕೊಡುತ್ತಾರೆ ಎಂಬುದು ಅಲ್ಲಿ ಬರಬಾರದು. ದಯವಿಟ್ಟು ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಕಂಡದ್ದನ್ನು ಬರೆಯಿರಿ.

ಚೆಂಬೂರಿನ ಹೋಟೆಲ್ ಉದ್ಯಮಿ

ಅಕ್ಕ, ನೀವು ಬರೆದದ್ದನ್ನು ಓದಿ ನಮ್ಮ ಅಡುಗೆಮನೆ ನೆನಪಾಯಿತು. ನಮ್ಮ ಹೋಟೆಲಿನಲ್ಲಿ ಆಗ ಉಳಿದಿದ್ದವರು 14 ಜನ, ಬೈಂದೂರು, ಕಾರ್ಕಳ ಕಡೆಯ ಹುಡುಗರೇ ಹೆಚ್ಚು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುತ್ತಿದ್ದರು. ಒಬ್ಬನಿಗೆ ಕೆಮ್ಮು ಬಂದರೆ ದೂರ ಮಲಗಿಸಲು ಜಾಗವೇ ಇರಲಿಲ್ಲ. ಒಲೆಯ ಮುಂದೆ ಮಾಸ್ಕ್ ಹಾಕಿಕೊಂಡು ಎರಡು ತಾಸು ದೋಸೆ ಹೊಯ್ಯುವುದು ಎಂಥ ಹಿಂಸೆ ಎಂಬುದನ್ನು ಹೊಯ್ದವನೇ ಬಲ್ಲ.

2021ರ ಏಪ್ರಿಲಿನಲ್ಲಿ ರಾಜ್ಯ ಸರ್ಕಾರ ನಿರ್ಬಂಧ ಬಿಗಿ ಮಾಡಿದಾಗ ಹೋಟೆಲುಗಳಲ್ಲಿ ಕುಳಿತು ತಿನ್ನುವುದು ನಿಂತು ಪಾರ್ಸೆಲ್ ಮಾತ್ರ ಉಳಿಯಿತು. ಮನೆಗೆ ತಲುಪಿಸುವವರು ಲಸಿಕೆ ಹಾಕಿಸಿಕೊಂಡಿರಬೇಕು, ಇಲ್ಲವಾದರೆ 15 ದಿನ ಮಾನ್ಯವಿರುವ ನೆಗೆಟಿವ್ ವರದಿ ಜೇಬಿನಲ್ಲಿರಬೇಕು ಎಂದು ಆದೇಶದಲ್ಲಿತ್ತು. ಆದರೆ ಅದೇ ತಿಂಗಳು ಕೇಂದ್ರದ ನಿಯಮದ ಪ್ರಕಾರ ಸಾಮಾನ್ಯರಿಗೆ ಲಸಿಕೆ ಸಿಗುತ್ತಿದ್ದದ್ದು 45 ದಾಟಿದವರಿಗೆ. ನಮ್ಮ ಪಾರ್ಸೆಲ್ ಹುಡುಗನಿಗೆ 23 ವರ್ಷ. ಲಸಿಕೆ ಹಾಕಿಸಿಕೊಳ್ಳುವುದು ಅವನ ಕರ್ತವ್ಯವಾಗಿತ್ತು, ಹಕ್ಕು ಮಾತ್ರ ಆಗಿರಲಿಲ್ಲ. ಎರಡು ವಾರಕ್ಕೊಮ್ಮೆ ಅವನ ಮೂಗಿಗೆ ಕಡ್ಡಿ ಹಾಕಿಸಿ ವರದಿ ತರಿಸುತ್ತಿದ್ದೆ. ವರದಿಯಿಂದ ದಂಡ ತಪ್ಪುತ್ತಿತ್ತು, ಸೋಂಕು ತಪ್ಪುತ್ತಿರಲಿಲ್ಲ.

ಮೇ 1ರಿಂದ 18 ದಾಟಿದವರಿಗೂ ಬಾಗಿಲು ತೆರೆಯಿತು, ಆದರೆ ಮೊದಲೇ ಆನ್‌ಲೈನಿನಲ್ಲಿ ಸಮಯ ಕಾದಿರಿಸಬೇಕಾಗಿತ್ತು. ಇಡ್ಲಿ ಹಿಟ್ಟು ರುಬ್ಬುವ ಕೈಯಲ್ಲಿ ಮೊಬೈಲ್ ಹಿಡಿದು, ತೆರೆದ ಕ್ಷಣದಲ್ಲೇ ತುಂಬಿಹೋಗುವ ಜಾಗಕ್ಕೆ ಕಾಯುವುದು ನಮ್ಮವರಿಂದ ಆಗುವ ಮಾತಾಗಿರಲಿಲ್ಲ. ಕೊನೆಗೆ ಜೂನಿನಲ್ಲಿ ಖಾಸಗಿಯಾಗಿ, ತಲೆಗೆ 780 ರೂಪಾಯಿಯಂತೆ ಕೊಟ್ಟು ಎಲ್ಲರಿಗೂ ಮೊದಲ ಡೋಸ್ ಹಾಕಿಸಿದೆ. ನನ್ನಿಂದ ಸಾಧ್ಯವಾಯಿತು, ರಸ್ತೆಬದಿಯ ಗಾಡಿಯವನಿಂದ ಸಾಧ್ಯವಾಗಿರಲಿಕ್ಕಿಲ್ಲ.

ಇನ್ನೊಂದು ಮಾತು. ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಯಾವ ಕಸುಬಿನವರು ಎಂದಿಗಿಂತ ಹೆಚ್ಚಾಗಿ ಸತ್ತರು ಎಂದು ಕ್ಯಾಲಿಫೋರ್ನಿಯಾದ ಸಂಶೋಧಕರು ಮರಣದ ದಾಖಲೆಗಳಿಂದ ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದರು. ಪಟ್ಟಿಯ ಮೇಲ್ತುದಿಯಲ್ಲಿದ್ದವರು ಅಡುಗೆಯವರು. ಇಂಗ್ಲೆಂಡಿನ ಸರ್ಕಾರಿ ಅಂಕಿಅಂಶಗಳಲ್ಲಿಯೂ ಕಾವಲುಗಾರರು, ಟ್ಯಾಕ್ಸಿ ಚಾಲಕರು, ಬಾಣಸಿಗರು ಮೇಲೆಯೇ ಇದ್ದರು. ನಮ್ಮ ದೇಶದಲ್ಲಿ ಅಡುಗೆಯವರನ್ನು ಮುಂಚೂಣಿ ಎಂದು ಯಾರೂ ಕರೆಯಲಿಲ್ಲ.

ಪೊವಾಯಿಯ ಸಂಖ್ಯಾಶಾಸ್ತ್ರ ಅಧ್ಯಾಪಕ

ಇಬ್ಬರ ಅನುಭವಕ್ಕೂ ಗೌರವವಿದೆ. ಆದರೂ ಭಿನ್ನಾಭಿಪ್ರಾಯವನ್ನು ಸ್ಪಷ್ಟವಾಗಿ ಹೇಳದಿದ್ದರೆ ಮನವಿ ದುರ್ಬಲವಾಗುತ್ತದೆ ಎಂದು ಭಾವಿಸುತ್ತೇನೆ.

ಈ ರೋಗದಲ್ಲಿ ಸಾವನ್ನು ನಿರ್ಧರಿಸಿದ ಎಲ್ಲ ಅಂಶಗಳಲ್ಲಿ ವಯಸ್ಸಿನಷ್ಟು ಬಲವಾದದ್ದು ಇನ್ನೊಂದಿರಲಿಲ್ಲ. ಬ್ರಿಟನ್ನಿನ ಲಸಿಕೆ ಸಲಹಾ ಸಮಿತಿಯು ವೃದ್ಧಾಶ್ರಮದವರನ್ನೂ, 80 ದಾಟಿದವರನ್ನೂ, ಅವರ ಜೊತೆಗೆ ಆರೋಗ್ಯ ಮತ್ತು ಆರೈಕೆಯ ಸಿಬ್ಬಂದಿಯನ್ನೂ ಮುಂದಿಟ್ಟು, ಆಮೇಲೆ ವಯಸ್ಸನ್ನೇ ಹಿಡಿದು ಇಳಿಯುತ್ತ ಹೋಯಿತು. 2021ರ ಫೆಬ್ರವರಿಯಲ್ಲಿ ಶಿಕ್ಷಕರು, ಪೊಲೀಸರು ತಮಗೆ ಮೊದಲು ಕೊಡಿ ಎಂದು ಒತ್ತಾಯಿಸಿದಾಗಲೂ, ಕಸುಬಿನ ಆಧಾರದ ಮೇಲೆ ವಿಂಗಡಿಸಲು ಹೋದರೆ ಇಡೀ ಕಾರ್ಯಕ್ರಮವೇ ನಿಧಾನವಾಗುತ್ತದೆ, ನಿಧಾನದಿಂದ ಹೆಚ್ಚು ಜನ ಸಾಯುತ್ತಾರೆ ಎಂದು ಆ ಸಮಿತಿ ಒಪ್ಪಲಿಲ್ಲ. ಇಂಡೊನೇಷ್ಯಾ ಇದಕ್ಕೆ ತದ್ವಿರುದ್ಧವಾಗಿ ದುಡಿಯುವ ವಯಸ್ಸಿನವರಿಂದ ಆರಂಭಿಸಿತು. ಅಮೆರಿಕೆಯ ಸಲಹಾ ಸಮಿತಿ 2020ರ ಡಿಸೆಂಬರಿನಲ್ಲಿ ಎರಡನ್ನೂ ಒಂದೇ ಹಂತಕ್ಕೆ ತಂದು, ಮುಂಚೂಣಿಯ ಅಗತ್ಯ ಸೇವೆಯವರನ್ನೂ 75 ದಾಟಿದವರನ್ನೂ ಒಟ್ಟಿಗೆ ಇರಿಸಿತು. ತಿಳಿದವರಲ್ಲಿಯೇ ಒಮ್ಮತವಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

23 ವರ್ಷದ ಪಾರ್ಸೆಲ್ ಹುಡುಗನಿಗೆ ಕೊಟ್ಟ ಡೋಸು ಅದೇ ಬೀದಿಯ 70 ವರ್ಷದ ಅಜ್ಜಿಗೆ ಸಿಗದ ಡೋಸು. ಇದು ಕಠಿಣವಾದ ಮಾತು, ಆದರೆ ಕೊರತೆಯ ಕಾಲದಲ್ಲಿ ಲೆಕ್ಕ ಹೀಗೆಯೇ ನಡೆಯುತ್ತದೆ. ಅಲ್ಲದೆ ಅಗತ್ಯ ಸೇವೆ ಎಂಬ ಮಾತಿಗೆ ಗಡಿಯೇ ಇಲ್ಲ. ಅಡುಗೆಯವನು ಅಗತ್ಯವಾದರೆ ಅವನಿಗೆ ತರಕಾರಿ ತರುವ ವಾಶಿ ಮಾರುಕಟ್ಟೆಯ ಹಮಾಲ, ಆ ಹಮಾಲನಿಗೆ ಚಹಾ ಕೊಡುವವನು, ಎಲ್ಲರೂ ಅಗತ್ಯವೇ. ಎಲ್ಲರೂ ಮೊದಲಿಗರಾದರೆ ಮೊದಲಿಗರು ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಕಲ್ಯಾಣದ ಬ್ಯಾಂಕ್ ಉದ್ಯೋಗಿ

ಅಧ್ಯಾಪಕರ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಗಡಿಯೇ ಇಲ್ಲ ಎಂಬುದನ್ನು ಮುಂಬಯಿಯಲ್ಲಿದ್ದವರು ಒಪ್ಪಲಾಗದು, ಏಕೆಂದರೆ ಆ ಗಡಿಯನ್ನು ನಾವು ರೈಲ್ವೆ ನಿಲ್ದಾಣದ ಬಾಗಿಲಿನಲ್ಲಿ ದಿನವೂ ದಾಟಿದ್ದೇವೆ.

2020ರ ಮಾರ್ಚಿನಲ್ಲಿ ನಿಂತ ಲೋಕಲ್ ರೈಲು ಜೂನ್ 15ರಂದು ಮತ್ತೆ ಹೊರಟಾಗ ಹತ್ತಲು ಬಿಟ್ಟದ್ದು ರಾಜ್ಯ ಸರ್ಕಾರ ಗುರುತಿಸಿದ ಅಗತ್ಯ ಸೇವೆಯವರನ್ನು ಮಾತ್ರ. ಗುರುತಿನ ಚೀಟಿ ತೋರಿಸಿದರೆ ಒಳಗೆ, ಇಲ್ಲವಾದರೆ ಹೊರಗೆ. ಮುಂದೆ ಒಂದೊಂದೇ ವರ್ಗವನ್ನು ಸೇರಿಸುತ್ತ ಹೋದರು. ಅಕ್ಟೋಬರ್ 21ರಿಂದ ಹೆಂಗಸರಿಗೆಲ್ಲ ನಿಗದಿತ ಹೊತ್ತಿನಲ್ಲಿ ಬಿಟ್ಟರು. ಸಾಮಾನ್ಯರಿಗೆ ಅವಕಾಶವಾದದ್ದು 2021ರ ಫೆಬ್ರವರಿ 1ರಂದು, ಅದೂ ಕಿಕ್ಕಿರಿಯುವ ಸಮಯ ಬಿಟ್ಟು. ಅಂದರೆ ಲಸಿಕೆ ಬರುವುದಕ್ಕೆ ಏಳು ತಿಂಗಳು ಮೊದಲೇ ಈ ನಗರ ನಡೆಯಲು ಯಾರು ಬೇಕೇಬೇಕು ಎಂದು ಆಡಳಿತ ಯೋಚಿಸಿತ್ತು, ಬರೆದಿತ್ತು, ಬಾಗಿಲಿನಲ್ಲಿ ಪೊಲೀಸರನ್ನು ನಿಲ್ಲಿಸಿ ಜಾರಿ ಮಾಡಿತ್ತು. ರೈಲು ಹತ್ತಿಸಲು ಬಳಸಿದ ಪಟ್ಟಿ ಲಸಿಕೆ ಕೊಡುವಾಗ ಎಲ್ಲಿ ಹೋಯಿತು? ನಾವು ಬ್ಯಾಂಕಿನವರು ಬೇರೆಯವರು ಎಣಿಸಿದ ನೋಟನ್ನು ಎಣಿಸುತ್ತ ಕೌಂಟರಿನಲ್ಲಿ ಕುಳಿತೆವು. ದೇಶದ ಮುಂಚೂಣಿ ಪಟ್ಟಿಯಲ್ಲಿ ನಮ್ಮ ಹೆಸರಿರಲಿಲ್ಲ. ಕೆಲಸಕ್ಕೆ ಕರೆಯುವಾಗ ಅಗತ್ಯ, ಕಾಪಾಡುವಾಗ ಸಾಮಾನ್ಯ ಎಂಬ ಈ ಎರಡು ಲೆಕ್ಕವನ್ನು ಮುಂದಿನ ಬಾರಿ ಒಂದು ಮಾಡಬೇಕು ಎಂಬುದು ಮನವಿಯಲ್ಲಿ ಬರಲಿ.

ರೈಲಿನ ಪಟ್ಟಿಯೂ ಪೂರ್ಣವಾಗಿರಲಿಲ್ಲ ಎಂಬುದನ್ನು ಸೇರಿಸಲೇಬೇಕು. ನಮ್ಮ ಶಾಖೆಯ ಕಸ ಗುಡಿಸುವಾಕೆಯ ಬಳಿ ಬ್ಯಾಂಕಿನ ಚೀಟಿಯೂ ಇರಲಿಲ್ಲ, ಪಾಲಿಕೆಯ ಚೀಟಿಯೂ ಇರಲಿಲ್ಲ. ಅವಳು ಎರಡು ಬಸ್ಸು ಬದಲಿಸಿ, ಒಂದು ತಾಸು ಸಾಲಿನಲ್ಲಿ ನಿಂತು, ನಾವು ಬರುವುದಕ್ಕೆ ಮೊದಲು ಬಂದು ಬಾಗಿಲು ಒರೆಸಿ ಇಡುತ್ತಿದ್ದಳು.

ಪರೇಲಿನ ಓದುಗ

ಈ ಊರಿಗೆ ಇದು ಹೊಸ ಪಾಠವಲ್ಲ ಎಂದು ನೆನಪಿಸಲು ಎರಡು ಸಾಲು. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡು ಜನ ಊರು ಬಿಟ್ಟು ಓಡತೊಡಗಿದಾಗ, ಪಾಲಿಕೆಯ ಅಧಿಕಾರಿಗಳ ನಿದ್ದೆಗೆಡಿಸಿದ ದೊಡ್ಡ ಚಿಂತೆಗಳಲ್ಲಿ ಒಂದು, ಮಲ ಹೊರುವ ಹಲಾಲ್‌ಖೋರರೂ ಗುಡಿಸುವವರೂ ಹೊರಟುಹೋದರೆ ಊರಿನಲ್ಲಿ ಯಾರೂ ಬದುಕುವಂತಿಲ್ಲ ಎಂಬುದಾಗಿತ್ತು. ಯಾರು ಅಗತ್ಯ ಎಂಬುದು ಆಗಲೇ ಗೊತ್ತಿತ್ತು. 1897ರ ಜನವರಿ 10ರಂದು ವಿಜ್ಞಾನಿ ಹಾಫ್‌ಕಿನ್ ತಾವೇ ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೆ ಚುಚ್ಚಿಸಿಕೊಂಡದ್ದೂ ಇದೇ ಊರಿನಲ್ಲಿ. ಅವರ ಹೆಸರಿನ ಸಂಸ್ಥೆಯ ಮುಂದೆಯೇ ನಾನು ದಿನವೂ ಹಾದುಹೋಗುತ್ತೇನೆ.

ಪುಣೆ ಕೋಥ್ರೂಡಿನ ಗೃಹಿಣಿ

ನೀವೆಲ್ಲರೂ ಲಸಿಕೆಯ ಬಗ್ಗೆಯೇ ಬರೆಯುತ್ತಿದ್ದೀರಿ. ಲಸಿಕೆ ಬರುವುದಕ್ಕೆ ಮೊದಲು ಹತ್ತು ತಿಂಗಳು ಜನ ದುಡಿದಿದ್ದಾರೆ. ರಕ್ಷಣೆ ಎಂದರೆ ಆ ಹತ್ತು ತಿಂಗಳದ್ದೂ ಹೌದು.

ನಮ್ಮ ಪುಣೆಯಲ್ಲಿ ಮನೆಮನೆಯ ಕಸ ಒಯ್ಯುವವರು ಬಹುಪಾಲು ಹೆಂಗಸರು, ಕಸ ಆಯುವವರದೇ ಆದ ಸಹಕಾರಿ ಸಂಘದ ಸದಸ್ಯೆಯರು. ಪಾಲಿಕೆಯ ಜೊತೆ ಒಪ್ಪಂದವಿದೆ, ಆದರೆ ಅವರು ಪಾಲಿಕೆಯ ನೌಕರರಲ್ಲ. ಬಳಸಿದ ಮಾಸ್ಕನ್ನು ಕತ್ತರಿಸಿ, ಕಾಗದದ ಚೀಲದಲ್ಲಿ 72 ತಾಸು ಇಟ್ಟು ಆಮೇಲೆ ಕಸಕ್ಕೆ ಹಾಕಬೇಕು ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತ್ತು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದರೂ ನಮ್ಮ ಕಟ್ಟಡದ ಡಬ್ಬಿಯಲ್ಲಿ ಊಟದ ಎಂಜಲಿನ ಮೇಲೆಯೇ ಮಾಸ್ಕುಗಳು ಬಿದ್ದಿರುತ್ತಿದ್ದವು, ನಮ್ಮಲ್ಲಿ ಕಸ ಒಯ್ಯುವಾಕೆ ಅವನ್ನು ಬರಿಗೈಯಲ್ಲಿ ಎತ್ತಿ ಬೇರೆ ಮಾಡುತ್ತಿದ್ದಳು. ಒಂದು ದಿನ ಕೈಗವಸು ಕೊಟ್ಟೆ. ಮರುದಿನ ಹಾಕಿಕೊಂಡಿರಲಿಲ್ಲ. ಕೇಳಿದರೆ, ಅದು ದೊಡ್ಡದಾಗಿ ಜಾರುತ್ತದೆ, ಗಾಜಿನ ಚೂರು ಬೆರಳಿಗೆ ಗೊತ್ತಾಗುವುದಿಲ್ಲ ಎಂದಳು. ಗಂಡಸರ ಅಳತೆಯ ಕೈಗವಸು ಅದು. ಆ ಚಿಕ್ಕ ಕೈಗೆ ಹೊಂದುವುದನ್ನು ಹುಡುಕಲು ನನಗೆ ಎರಡು ವಾರ ಹಿಡಿಯಿತು. ಕೊಟ್ಟ ಸಲಕರಣೆ ಮೈಗೆ ಹೊಂದುತ್ತದೆಯೇ ಎಂದು ನೋಡುವುದೂ ನಿಮ್ಮ ಕರಡಿನಲ್ಲಿ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಪೊವಾಯಿಯ ಸಂಖ್ಯಾಶಾಸ್ತ್ರ ಅಧ್ಯಾಪಕ

ರೈಲಿನ ಪಟ್ಟಿಯ ವಾದ ನನ್ನನ್ನು ಅಲುಗಾಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಸೆಪ್ಟೆಂಬರಿನಲ್ಲಿ ಲಸಿಕೆ ಹಂಚಿಕೆಗೆ ಮೌಲ್ಯಗಳ ಚೌಕಟ್ಟು ಪ್ರಕಟಿಸಿದಾಗ ಜನರ ಒಳಿತು, ಸಮಾನ ಗೌರವ ಇವುಗಳ ಜೊತೆಗೆ, ಸಮಾಜಕ್ಕಾಗಿ ಅಪಾಯ ಹೊತ್ತವರ ಋಣ ತೀರಿಸುವುದನ್ನೂ ಒಂದು ಮೌಲ್ಯವಾಗಿ ಹೆಸರಿಸಿತ್ತು. ನನ್ನ ಲೆಕ್ಕದಲ್ಲಿ ಆ ಋಣಕ್ಕೆ ಅಂಕಣವಿರಲಿಲ್ಲ ಎಂದು ಒಪ್ಪುತ್ತೇನೆ. ಇನ್ನೊಂದನ್ನೂ ಒಪ್ಪಬೇಕು: ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ ಆ 70 ವರ್ಷದ ಅಜ್ಜಿಗೆ ಸೋಂಕು ತರುವವನು ಹೊರಗೆ ದುಡಿಯಲು ಹೋಗುವ ಮಗನೇ.

ಆದರೆ ಪಟ್ಟಿ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿಯೇ ಸಾಕ್ಷಿಯಿದೆ. ಆರೋಗ್ಯ ಮತ್ತು ಮುಂಚೂಣಿ ಕಾರ್ಯಕರ್ತರ ಹೆಸರಿನಲ್ಲಿ ಅರ್ಹರಲ್ಲದವರು ನೋಂದಾಯಿಸಿಕೊಳ್ಳುತ್ತಿದ್ದಾರೆ ಎಂದು ಕಂಡುಬಂದು, 2021ರ ಏಪ್ರಿಲ್ 3ರಂದು ಕೇಂದ್ರ ಆರೋಗ್ಯ ಕಾರ್ಯದರ್ಶಿಯವರು ಆ ಎರಡು ವರ್ಗಗಳಲ್ಲಿ ಹೊಸ ಹೆಸರು ಸೇರಿಸುವುದನ್ನೇ ನಿಲ್ಲಿಸುವಂತೆ ರಾಜ್ಯಗಳಿಗೆ ಬರೆದರು. ಪ್ರಭಾವವಿದ್ದವರು ಹಿಂಬಾಗಿಲಿನಿಂದ ಬಂದರು, ಆ ಕಾರಣಕ್ಕೆ ಮುಂಬಾಗಿಲು ಮುಚ್ಚಿತು, ನರ್ಸ್ ಅಕ್ಕನವರು ಹೇಳಿದ ಆ ಹೆಣ್ಣುಮಗಳಂಥವರು ಹೊರಗೇ ಉಳಿದರು. ಆದ್ದರಿಂದ ಹೆಸರು ಸೇರಿಸಿ ಎಂದು ಕೇಳಿದರಷ್ಟೇ ಸಾಲದು. ಆ ಹೆಸರು ನಿಜವೆಂದು ಯಾರು, ಯಾವ ದಾಖಲೆಯಿಂದ ದೃಢಪಡಿಸುತ್ತಾರೆ ಎಂಬುದನ್ನು ನಾವು ಬರೆದು ಕೊಡಬೇಕು.

ಮುಲುಂಡಿನ ಸೊಸೈಟಿ ಸಮಿತಿಯ ಸದಸ್ಯ

ನಮ್ಮ ವಸತಿ ಸೊಸೈಟಿಯಲ್ಲಿ 2021ರಲ್ಲಿ ಒಂದು ಲಸಿಕಾ ಶಿಬಿರ ನಡೆಯಿತು. ಫ್ಲ್ಯಾಟಿನ ನಂಬರಿನ ಪ್ರಕಾರ ಪಟ್ಟಿ ಮಾಡಿದೆವು. ಬಿಸಿಲಿನಲ್ಲಿ ಕುರ್ಚಿ ಹಾಕಿ, ಬಂದವರ ಜ್ವರ ನೋಡಿ, ಸಾಲು ನಿಲ್ಲಿಸಿದವನು ನಮ್ಮ ವಾಚ್‌ಮನ್. ಸಂಜೆ ಶಿಬಿರ ಮುಗಿದ ಮೇಲೆ ಕುರ್ಚಿಗಳನ್ನು ಮಡಚಿ ಇಟ್ಟವನೂ ಅವನೇ. ಅವನಿಗೆ ಫ್ಲ್ಯಾಟ್ ನಂಬರ್ ಇಲ್ಲ. ಆ ರಾತ್ರಿ ನನ್ನ ಹೆಂಡತಿ ಇದನ್ನು ಹೇಳಿದ ಮೇಲೆಯೇ ನನಗೆ ಹೊಳೆಯಿತು ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ. ಎರಡನೆಯ ಶಿಬಿರದಲ್ಲಿ ಕಾವಲಿನವರು, ಗುಡಿಸುವವರು, ಮನೆಗೆಲಸದ ಹೆಂಗಸರು ಸೇರಿ 11 ಜನರ ಹಣವನ್ನು ಸೊಸೈಟಿಯೇ ಕೊಟ್ಟಿತು. ಇದನ್ನು ಒಳ್ಳೆಯವರ ಮನಸ್ಸಿಗೆ ಬಿಡದೆ ನಿಯಮವಾಗಿ ಬರೆಯಬೇಕು: ಸೊಸೈಟಿಯಲ್ಲಿಯಾಗಲಿ ಕಾರ್ಖಾನೆಯಲ್ಲಿಯಾಗಲಿ ಶಿಬಿರ ನಡೆಸಲು ಅನುಮತಿ ಬೇಕಾದರೆ ಅಲ್ಲಿ ದುಡಿಯುವವರ ಹೆಸರು ಮೊದಲ ಪುಟದಲ್ಲಿರಬೇಕು.

ಡೊಂಬಿವಲಿಯ ನಿವೃತ್ತ ನರ್ಸ್

ಎಲ್ಲರಿಗೂ ಕೃತಜ್ಞತೆಗಳು. ಅಧ್ಯಾಪಕರು ಕೇಳಿದ ದಾಖಲೆಯ ಪ್ರಶ್ನೆಯನ್ನು ಎರಡು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ.

ಗುತ್ತಿಗೆಯವರನ್ನು ಲೆಕ್ಕಕ್ಕೆ ಹಿಡಿಯುವುದು ಆಗದ ಕೆಲಸವೇನಲ್ಲ. 2020ರ ಮಾರ್ಚ್ 30ರಿಂದ ಜಾರಿಗೆ ಬಂದ ಕೇಂದ್ರದ 50 ಲಕ್ಷ ರೂಪಾಯಿಯ ವಿಮಾ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರನ್ನೂ, ಗುತ್ತಿಗೆ ಮತ್ತು ದಿನಗೂಲಿಯವರನ್ನೂ ಸ್ಪಷ್ಟವಾಗಿ ಬರೆದಿದ್ದರು. ಸತ್ತ ಮೇಲೆ ಕೊಡುವ ಹಣಕ್ಕೆ ಅವರು ಲೆಕ್ಕದೊಳಗಿದ್ದರೆಂದ ಮೇಲೆ ಬದುಕಿರುವಾಗ ಕೊಡುವ ಮಾಸ್ಕಿಗೂ ಇರಬೇಕು.

ಇನ್ನು ದಾಖಲೆ. ಸಂಬಳದ ರಿಜಿಸ್ಟರಿನಲ್ಲಿ ಇಲ್ಲದ ಆ ಹೆಣ್ಣುಮಗಳ ಹೆಸರು ನಮ್ಮ ಆಸ್ಪತ್ರೆಯಲ್ಲಿ ಇನ್ನೊಂದು ಪುಸ್ತಕದಲ್ಲಿತ್ತು. ಹಿಂದಿನ ಗೇಟಿನ ಕಾವಲುಗಾರನ ಮೇಜಿನ ಮೇಲೆ, ಹಗ್ಗ ಕಟ್ಟಿದ ಪೆನ್ನಿನ ಪಕ್ಕದಲ್ಲಿ, ನೀಲಿ ರಟ್ಟಿನ ಉದ್ದ ಪುಸ್ತಕವೊಂದಿತ್ತು. ಗುತ್ತಿಗೆಯವರು ಬಂದ ಹೊತ್ತು, ಹೋದ ಹೊತ್ತು ಬರೆಸಿ ಹೆಬ್ಬೆಟ್ಟು ಒತ್ತುವ ಪುಸ್ತಕ ಅದು, ಏನನ್ನೂ ಕದ್ದೊಯ್ಯದಿರಲಿ ಎಂದು ಇಟ್ಟದ್ದು. 2020ರ ಏಪ್ರಿಲಿನಿಂದ ಡಿಸೆಂಬರ್‌ವರೆಗೆ, ನಾವು ನರ್ಸುಗಳು ಏಳು ದಿನ ದುಡಿದು ಏಳು ದಿನ ಬೇರೆಯಾಗಿ ಇರುತ್ತಿದ್ದ ತಿಂಗಳುಗಳಲ್ಲಿಯೂ, ಅವಳ ಹೆಬ್ಬೆಟ್ಟು ವಾರಕ್ಕೆ ಆರು ದಿನ ಅಲ್ಲಿ ಬಿದ್ದಿದೆ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನನ್ನ ಹಾಜರಿಗೂ ಇಲ್ಲ. ಇಂಥ ಪುಸ್ತಕ ಹೆಚ್ಚಿನ ಆಸ್ಪತ್ರೆ, ಕಾರ್ಖಾನೆ, ಸೊಸೈಟಿಗಳ ಗೇಟಿನಲ್ಲಿದೆ. ಪ್ರಭಾವವಿದ್ದವರ ಹೆಬ್ಬೆಟ್ಟು ಅದರಲ್ಲಿ ಸಿಗುವುದಿಲ್ಲ. ಪಟ್ಟಿಯನ್ನು ಮೊದಲು ಗೇಟಿನ ಪುಸ್ತಕದಿಂದ ಬರೆಯಿರಿ, ಆಮೇಲೆ ಸಂಬಳದ ರಿಜಿಸ್ಟರನ್ನು ತೆರೆಯಿರಿ ಎಂಬುದು ಕರಡಿನ ಮೊದಲ ವಾಕ್ಯವಾಗುತ್ತದೆ. ಆ ಪಟ್ಟಿಯೊಳಗೆ ವಯಸ್ಸಾದವರೂ ಕಾಯಿಲೆ ಇದ್ದವರೂ ಮೊದಲು ಎಂಬ ಅಧ್ಯಾಪಕರ ಮಾತನ್ನು ಎರಡನೆಯ ವಾಕ್ಯವಾಗಿ ಸೇರಿಸುತ್ತೇನೆ. ಗೇಟೇ ಇಲ್ಲದ ಕಡೆ, ಬೀದಿಯಲ್ಲಿ ದುಡಿಯುವವರ ಹೆಸರನ್ನು ಎಲ್ಲಿಂದ ತರುವುದು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ, ತಿಳಿದವರು ಬರೆಯಿರಿ.

ಚೆಂಬೂರಿನ ಅಣ್ಣ ಫೋನ್ ಮಾಡಿ, ಅವಳಿಗೆ ಕೊನೆಗೂ ಲಸಿಕೆ ಯಾವಾಗ ಸಿಕ್ಕಿತು ಎಂದು ಕೇಳಿದರು. 2021ರ ಜುಲೈ ಎರಡನೆಯ ವಾರದಲ್ಲಿ, ಪಾಲಿಕೆಯ ಕೇಂದ್ರದಲ್ಲಿ ಬೆಳಿಗ್ಗೆ ಐದಕ್ಕೆ ಸಾಲು ಹಿಡಿದು. ಆಗ ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ನಡುವೆ 84 ದಿನ ಕಾಯಬೇಕಾಗಿತ್ತು. ಎರಡನೆಯ ಅಲೆಯಲ್ಲಿ ಸಾಮಾನ್ಯರಿಗೆ ಮತ್ತೆ ಮುಚ್ಚಿದ್ದ ಲೋಕಲಿಗೆ ಆಗಸ್ಟ್ 15ರಿಂದ ಎರಡೂ ಡೋಸ್ ಆಗಿ 14 ದಿನ ಕಳೆದವರನ್ನು ಬಿಟ್ಟರು. ಆಸ್ಪತ್ರೆಯ ಗುರುತಿನ ಚೀಟಿ ಇಲ್ಲದ ಅವಳು ರೈಲು ಹತ್ತಿದ್ದು ಅಕ್ಟೋಬರ್ ಮೂರನೆಯ ವಾರದಲ್ಲಿ. ಅಲ್ಲಿಯವರೆಗೂ ಬಸ್ಸಿನಲ್ಲಿ ಬಂದಳು.